ಕಥೆಯ ಬಾಲಕ್ಕೆ ಕಟ್ಟಿದ ನೀತಿ

ಮಕ್ಕಳ ಕಥೆಪುಸ್ತಕಗಳ ಕೊನೆಯ ಸಾಲಿನ ಮೇಲೆ ನನಗೆ ಬಹುದಿನಗಳಿಂದ ಸಿಟ್ಟಿದೆ. ಮೊಲ ಸಿಂಹವನ್ನು ಬಾವಿಗೆ ಕೆಡವಿದ್ದಾಯಿತು, ಏಡಿ ಕೊಕ್ಕರೆಯ ಕತ್ತು ಕತ್ತರಿಸಿದ್ದಾಯಿತು. ಕೇಳುತ್ತಿದ್ದ ಮಗು ಬಿಗಿಹಿಡಿದ ಉಸಿರನ್ನು ಬಿಡುವಷ್ಟರಲ್ಲಿ ದಪ್ಪಕ್ಷರದಲ್ಲಿ ಎದುರಾಗುತ್ತದೆ, ‘ನೀತಿ’ ಎಂಬ ಆ ಸಾಲು. ಪರೀಕ್ಷೆಯಲ್ಲಿ ಅದೇ ಸಾಲು ಪ್ರಶ್ನೆಯ ವೇಷ ತೊಟ್ಟು ಬರುತ್ತದೆ: ‘ಈ ಕಥೆಯಿಂದ ತಿಳಿದುಬರುವ ನೀತಿಯೇನು?’ ಮಗು ಬಾಯಿಪಾಠ ಮಾಡಿದ್ದನ್ನು ಒಪ್ಪಿಸುತ್ತದೆ, ಅಂಕ ಗಿಟ್ಟಿಸುತ್ತದೆ, ಕಥೆಯನ್ನು ಮರೆಯುತ್ತದೆ.

ಆ ಸಾಲನ್ನು ಅಳಿಸಿಹಾಕಬೇಕೆಂಬುದು ನನ್ನ ವಾದ. ಮಕ್ಕಳಿಗೆ ನೀತಿಯೇ ಬೇಡವೆನ್ನುವಷ್ಟು ಹುಂಬ ನಾನಲ್ಲ. ಆದರೆ ಕಥೆಯೊಳಗೆ ಇರುವ ನೀತಿಯನ್ನು ಈ ಸಾಲು ಮಗುವಿನ ಕಣ್ಣಿಗೆ ಬೀಳದಂತೆ ಮಾಡುತ್ತದೆ. ಹೇಗೆಂದು ಹೇಳುತ್ತೇನೆ.

ಮೊಲ ಮತ್ತು ಸಿಂಹದ ಕಥೆಯನ್ನೇ ತೆಗೆದುಕೊಳ್ಳಿ. ‘ಬಲಕ್ಕಿಂತ ಬುದ್ಧಿ ದೊಡ್ಡದು’ ಎಂದು ಅದರ ಬಾಲಕ್ಕೆ ಕಟ್ಟಿರುತ್ತಾರೆ. ಸಂಸ್ಕೃತದ ಪಂಚತಂತ್ರದಲ್ಲಿ ಈ ಕಥೆಯನ್ನು ಹೇಳುವವರು ಯಾರು? ದಮನಕನೆಂಬ ನರಿ. ಪಿಂಗಳಕನೆಂಬ ಸಿಂಹಕ್ಕೂ ಸಂಜೀವಕನೆಂಬ ಎತ್ತಿಗೂ ಗಾಢವಾದ ಸ್ನೇಹ. ಆ ಸ್ನೇಹ ಬೆಳೆದಂತೆಲ್ಲ ಅರಮನೆಯಲ್ಲಿ ನರಿಯ ಬೆಲೆ ಇಳಿಯಿತು. ಇಬ್ಬರನ್ನೂ ಅಗಲಿಸಬೇಕೆಂದು ದಮನಕ ಹೊಂಚುಹಾಕುತ್ತಾನೆ. ‘ಅಂಥ ಬಲಿಷ್ಠರನ್ನು ನೀನೆಲ್ಲಿ ಒಡೆಯಬಲ್ಲೆ?’ ಎಂದು ಜೊತೆಗಾರನಾದ ಕರಟಕ ಸಂದೇಹಪಟ್ಟಾಗ, ಉಪಾಯಕ್ಕೆ ಅಸಾಧ್ಯವಾದುದಿಲ್ಲವೆಂದು ತೋರಿಸುವುದಕ್ಕಾಗಿ ದಮನಕ ಹೇಳುವ ದೃಷ್ಟಾಂತವೇ ಈ ಮೊಲದ ಕಥೆ. ಆಮೇಲೆ ಅವನು ಸಿಂಹದ ಕಿವಿಯಲ್ಲಿ ಒಂದು, ಎತ್ತಿನ ಕಿವಿಯಲ್ಲಿ ಇನ್ನೊಂದು ಊದುತ್ತಾನೆ. ನಿರಪರಾಧಿಯಾದ ಎತ್ತು ಸಾಯುತ್ತದೆ. ನರಿ ಮಂತ್ರಿಪದವಿಯಲ್ಲಿ ಸುಖವಾಗಿರುತ್ತದೆ.

ಈಗ ಹೇಳಿ: ‘ಬಲಕ್ಕಿಂತ ಬುದ್ಧಿ ದೊಡ್ಡದು’ ಎಂಬುದು ಯಾರ ನೀತಿ? ಮೊಲದ ಪಾಲಿಗೆ ಅದು ಪ್ರಾಣರಕ್ಷಣೆ. ದಮನಕನ ಪಾಲಿಗೆ ಮನೆಮುರುಕತನಕ್ಕೆ ಪರವಾನಗಿ. ಕಥೆ ಒಂದೇ. ಹೇಳಿದವನನ್ನೂ ಹೇಳಿದ ಸಂದರ್ಭವನ್ನೂ ಕತ್ತರಿಸಿ ಎಸೆದು, ಉಳಿದ ತುಣುಕಿಗೆ ಒಂದು ಸುಭಾಷಿತವನ್ನು ಅಂಟಿಸಿ ಮಗುವಿನ ಕೈಗೆ ಕೊಡುತ್ತಿದ್ದೇವೆ. ಕುತಂತ್ರಿಗಳ ಜೋಡಿಯನ್ನು ಕಂಡರೆ ‘ಕರಟಕ-ದಮನಕರು’ ಎನ್ನುವ ರೂಢಿ ನಮ್ಮಲ್ಲಿ ಇನ್ನೂ ಉಳಿದಿದೆ. ಆದರೆ ಆ ದಮನಕ ತಾನೇ ದೊಡ್ಡ ಕಥೆಗಾರನಾಗಿದ್ದನೆಂಬುದನ್ನು ನಾವು ಮಕ್ಕಳಿಗೆ ಹೇಳುವುದಿಲ್ಲ.

ಪಂಚತಂತ್ರದ ಕಟ್ಟಡವೇ ಹಾಗಿದೆ. ಅಲ್ಲಿ ಕಥೆಗಳು ಒಂದರೊಡನೊಂದು ಜಗಳವಾಡುತ್ತವೆ. ಬೇಡದ ಉಸಾಬರಿಗೆ ಹೋಗಬೇಡವೆಂದು ಕರಟಕ ಬೆಣೆ ಕಿತ್ತ ಕೋತಿಯ ಕಥೆ ಹೇಳಿದರೆ, ದಮನಕ ತನ್ನ ಕಥೆಗಳಿಂದ ಉತ್ತರ ಕೊಡುತ್ತಾನೆ. ಮೂಲದಲ್ಲಿಯೂ ನೀತಿಶ್ಲೋಕಗಳಿಲ್ಲವೆ ಎಂದು ಯಾರಾದರೂ ಕೇಳಬಹುದು. ಧಾರಾಳವಾಗಿವೆ, ಆದರೆ ಬಹುಮಟ್ಟಿಗೆ ಪಾತ್ರಗಳ ಬಾಯಲ್ಲಿವೆ. ಒಳ್ಳೆಯವರಷ್ಟೇ ಸೊಗಸಾಗಿ ಧೂರ್ತರೂ ಶ್ಲೋಕ ಹೇಳುತ್ತಾರೆ. ಲೋಕದಲ್ಲಿ ನಡೆಯುವುದೂ ಹೀಗೆಯೇ ಅಲ್ಲವೆ?

ಆ ಗ್ರಂಥ ಹುಟ್ಟಿದ್ದು ದಡ್ಡರಾದ ಮೂವರು ರಾಜಕುಮಾರರನ್ನು ಆರು ತಿಂಗಳಲ್ಲಿ ನೀತಿಶಾಸ್ತ್ರದಲ್ಲಿ ಪಳಗಿಸುವುದಕ್ಕೆಂದು ಅದರ ಪೀಠಿಕೆಯೇ ಸಾರುತ್ತದೆ. ಅಲ್ಲಿ ‘ನೀತಿ’ ಎಂದರೆ ರಾಜ್ಯಭಾರದ ಜಾಣತನ, ಲೋಕವ್ಯವಹಾರದ ಎಚ್ಚರ. ಇದನ್ನು ಕನ್ನಡಕ್ಕೆ ತಂದ ದುರ್ಗಸಿಂಹ ಯಾರು? ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿ, ಎಂದರೆ ಯುದ್ಧ-ಸಂಧಾನಗಳ ಮಂತ್ರಿ. ವಸುಭಾಗಭಟ್ಟನ ಪಾಠವನ್ನು ಅನುಸರಿಸಿ ಸುಮಾರು 1031ರಲ್ಲಿ ಅವನು ರಚಿಸಿದ ಚಂಪುವಿನಲ್ಲಿ ತಂತ್ರಗಳ ಹೆಸರು ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ. ಯಾರನ್ನು ನಂಬಬೇಕು, ನಂಬುವ ಮೊದಲು ಹೇಗೆ ಪರೀಕ್ಷಿಸಬೇಕು, ಮೋಸ ಯಾವ ದಾರಿಯಲ್ಲಿ ಬರುತ್ತದೆ ಎಂಬುದನ್ನು ಕಲಿಸುವ ಪುಸ್ತಕವಿದು. ಇದನ್ನು ‘ಹಿರಿಯರ ಮಾತು ಕೇಳಬೇಕು’ ಎಂಬ ಗೋಡೆಬರಹಕ್ಕೆ ಇಳಿಸಿದವರು ನಾವು.

ಈಸೋಪನ ಗತಿಯೂ ಇದೇ. ಅವನು ಗುಲಾಮನಾಗಿದ್ದನೆಂದು ಹೆರೊಡೋಟಸ್ ಬರೆದಿದ್ದಾನೆ. ಬಾಯಿಬಿಟ್ಟು ಹೇಳಲಾರದ ಗುಲಾಮರು ತಮ್ಮ ಮನಸ್ಸಿನ ಮಾತನ್ನು ಪ್ರಾಣಿಕಥೆಗಳಲ್ಲಿ ಬಚ್ಚಿಟ್ಟು ಹೇಳಿದರೆಂದು ರೋಮಿನ ಫೀಡ್ರಸ್ ವಿವರಿಸುತ್ತಾನೆ. ಅವನು ಸ್ವತಃ ದಾಸ್ಯದಿಂದ ಬಿಡುಗಡೆ ಪಡೆದವನು. ತೋಳದ ಒಂದೊಂದು ಆರೋಪಕ್ಕೂ ಕುರಿಮರಿ ಸರಿಯಾದ ಉತ್ತರವನ್ನೇ ಕೊಡುತ್ತದೆ. ಆದರೂ ತೋಳ ಅದನ್ನು ತಿನ್ನುತ್ತದೆ. ತಿನ್ನಬೇಕೆಂದವನಿಗೆ ನೆಪಗಳಿಗೆ ಬರವಿಲ್ಲವೆಂದು ಮಗುವಿಗೆ ತಾನಾಗಿಯೇ ಹೊಳೆಯಲಿ. ಹಾಗೆ ಹೊಳೆದದ್ದು ಮರೆತುಹೋಗುವುದಿಲ್ಲ.

ದಮನಕನ ಗೆಲವು ಹಿಂದಿನವರಿಗೂ ನುಂಗಲಾರದ ತುತ್ತಾಗಿತ್ತು. ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಖಫ್ಫಾ ಪಹ್ಲವಿಯಿಂದ ಅರಬ್ಬಿಗೆ ತಂದ ‘ಕಲೀಲ ಮತ್ತು ದಿಮ್ನ’ದಲ್ಲಿ ಸಂಸ್ಕೃತದಲ್ಲಿಲ್ಲದ ಒಂದು ಅಧ್ಯಾಯವಿದೆ, ಅದರಲ್ಲಿ ದಿಮ್ನನನ್ನು, ಅಂದರೆ ನಮ್ಮ ದಮನಕನನ್ನು, ವಿಚಾರಣೆಗೆ ಗುರಿಮಾಡಿ ಸಾಯಿಸಲಾಗುತ್ತದೆ. ಅವರಾದರೂ ಒಂದು ಇಡೀ ಅಧ್ಯಾಯವನ್ನು ಕಟ್ಟಿ, ಅಪರಾಧಿಗೂ ವಾದಿಸುವ ಅವಕಾಶ ಕೊಟ್ಟರು. ನಾವು ಒಂದು ಸಾಲು ಗೀಚಿ ಕೈತೊಳೆದುಕೊಳ್ಳುತ್ತೇವೆ.

ಹೀಗೆ ಬಿಟ್ಟರೆ ಮಕ್ಕಳು ನರಿಯ ಪಕ್ಷ ವಹಿಸುವುದಿಲ್ಲವೆ ಎಂದು ತಾಯಿತಂದೆಯರು ಹೆದರಬಹುದು. 1762ರಲ್ಲಿಯೇ ರೂಸೋ ತನ್ನ ‘ಎಮಿಲ್’ನಲ್ಲಿ ಈ ಭಯವನ್ನು ಎತ್ತಿ, ಲಾ ಫಾಂಟೇನನ ಕಾಗೆ-ನರಿಯ ಕಥೆಯೂ ಮಕ್ಕಳಿಗೆ ಸಲ್ಲದೆಂದ. ಅವನು ಕಂಡ ರೋಗ ನಿಜ. ಕೊಟ್ಟ ಮದ್ದನ್ನು ಮಾತ್ರ ನಾನು ಒಪ್ಪಲಾರೆ. ಮಗು ನರಿಯ ಪಕ್ಷ ವಹಿಸಿದರೆ ವಹಿಸಲಿ. ಬಾಯಲ್ಲಿದ್ದುದನ್ನು ಕಳೆದುಕೊಂಡ ಕಾಗೆಗೆ ಹೇಗಾಯಿತೆಂದು ಆಮೇಲೆ ಕೇಳಿ. ಧರ್ಮವೂ ಬೇಕೆನ್ನುವಿರಾದರೆ ನಮ್ಮ ಗೋವಿನ ಹಾಡಿದೆ. ಪುಣ್ಯಕೋಟಿ ಹಿಂತಿರುಗಿ ಬಂದಾಗ ಪ್ರಾಣ ಬಿಡುವುದು ಹುಲಿ! ಇದನ್ನು ಯಾವ ಸಾಲಿನಲ್ಲಿ ಹಿಡಿದಿಡುತ್ತೀರಿ? ಹಾಡು ಕೇಳಿ ಕಣ್ಣೀರು ತಂದುಕೊಂಡ ಮಗುವಿಗೆ ‘ಸತ್ಯವೇ ಗೆಲ್ಲುತ್ತದೆ’ ಎಂದು ಷರಾ ಬರೆದುಕೊಡುವುದು ಅಧಿಕಪ್ರಸಂಗ.

ಪ್ರಕಾಶಕರಲ್ಲಿಯೂ ಉಪಾಧ್ಯಾಯರಲ್ಲಿಯೂ ನನ್ನ ಬೇಡಿಕೆ ಇಷ್ಟೇ. ಆ ಕೊನೆಯ ಸಾಲನ್ನು ತೆಗೆಯಿರಿ. ‘ನೀತಿಯೇನು?’ ಎಂದು ಕೇಳುವ ಜಾಗದಲ್ಲಿ ‘ಈ ಕಥೆಯನ್ನು ಯಾರು, ಯಾರಿಗೆ, ಏತಕ್ಕೆ ಹೇಳಿದರು?’ ಎಂದು ಕೇಳಿರಿ. ಈ ಮಕ್ಕಳು ನಾಳೆ ಚುನಾವಣೆಯ ಭಾಷಣ ಕೇಳಬೇಕು, ಜಾಹೀರಾತು ನೋಡಬೇಕು, ಮೊಬೈಲಿಗೆ ಬಂದು ಬೀಳುವ ಸಂದೇಶಗಳನ್ನು ಓದಬೇಕು. ಅಲ್ಲಿಗೆ ಬರುವ ದಮನಕರೂ ಸೊಗಸಾದ ಕಥೆಗಳನ್ನೇ ತರುತ್ತಾರೆ. ಕೊನೆಗೊಂದು ನೀತಿಯನ್ನೂ ತಪ್ಪದೆ ಸೇರಿಸಿರುತ್ತಾರೆ.