ಮೂರರ ಲೆಕ್ಕ ನಮಗೂ ಬೇಕು

ಕಲಾ ವಿಭಾಗದ ವಿದ್ಯಾರ್ಥಿಗೆ ವಿಜ್ಞಾನದ ಗೊಡವೆ ಏಕೆ ಎಂಬ ಮಾತು ನಮ್ಮ ಕಾಲೇಜುಗಳಲ್ಲಿ ಬೇರೂರಿಬಿಟ್ಟಿದೆ. ಇತಿಹಾಸದವರು ಶಾಸನ ಓದಲಿ, ಅರ್ಥಶಾಸ್ತ್ರದವರು ಬೆಲೆಯೇರಿಕೆ ವಿಚಾರಿಸಲಿ, ಪರಮಾಣುವಿನ ಮಾತು ಪ್ರಯೋಗಶಾಲೆಯುಳ್ಳವರಿಗಿರಲಿ ಎಂಬುದು ಈ ಹಂಚಿಕೆ. ಇದು ನಮಗೆ ಹಾನಿಕರವೆಂಬುದು ನನ್ನ ನಮ್ರ ಅಭಿಪ್ರಾಯ. ಅದಕ್ಕೆ ನಿದರ್ಶನವಾಗಿ ಭೌತಶಾಸ್ತ್ರದ ಅತಿ ಚಿಕ್ಕ, ಆದರೆ ಅತಿ ಕಠಿಣವಾದ ಒಂದು ಲೆಕ್ಕವನ್ನೇ ಆರಿಸಿಕೊಂಡಿದ್ದೇನೆ: ಎರಡು ಮೂರು ಕಣಗಳು ಕೂಡಿ ಪರಮಾಣು ಬೀಜವಾಗುವ ಬಗೆ.

ಈ ಲೆಕ್ಕ ನಮ್ಮಿಂದ ದೂರದ್ದಲ್ಲ. ಕಲಘಟಗಿ ದಾಟಿ, ಯಲ್ಲಾಪುರದ ಕಾಡು ದಾಟಿ ಹೋದರೆ ಕಾಳಿ ನದಿಯ ದಂಡೆಯಲ್ಲಿ ಕೈಗಾ ಅಣು ವಿದ್ಯುತ್ ಕೇಂದ್ರವಿದೆ. 2000ದಿಂದ 2011ರೊಳಗೆ ಅಲ್ಲಿ ತಲಾ 220 ಮೆಗಾವ್ಯಾಟಿನ 4 ಘಟಕಗಳು ಆರಂಭವಾದವು. ಯುರೇನಿಯಂ ಒಡೆದಾಗ ಸಿಡಿಯುವ ನ್ಯೂಟ್ರಾನುಗಳ ವೇಗ ತಗ್ಗಿಸಲು ಅಲ್ಲಿ ಭಾರಜಲವನ್ನು ಬಳಸುತ್ತಾರೆ. ಸಾಮಾನ್ಯ ನೀರಿನ ಜಲಜನಕದ ಬೀಜದಲ್ಲಿರುವುದು ಒಂದು ಪ್ರೋಟಾನ್ ಮಾತ್ರ. ಭಾರಜಲದಲ್ಲಿ ಆ ಪ್ರೋಟಾನಿಗೆ ಒಂದು ನ್ಯೂಟ್ರಾನ್ ಜೊತೆಯಾಗಿರುತ್ತದೆ. ಈ ಜೋಡಿಯ ಹೆಸರು ಡ್ಯೂಟರಾನ್. ಹೊರಗಿನ ನ್ಯೂಟ್ರಾನ್ ಬಂದು ಅದಕ್ಕೆ ಬಡಿದು ಚದರಿದರೆ ಅದು ಮೂರು ಕಣಗಳ ಚದರುವಿಕೆ. ಅಪರೂಪಕ್ಕೆ ಅಲ್ಲಿಯೇ ಸಿಕ್ಕಿಕೊಂಡರೆ ಅದು ಮೂರು ಕಣಗಳ ಬದ್ಧಸ್ಥಿತಿ, ಅಂದರೆ ಟ್ರಿಟಿಯಂನ ಬೀಜ. ಪಂಡಿತರು ಹಾಳೆಯ ಮೇಲೆ ಬಿಡಿಸುವ ಸಮಸ್ಯೆ ಕೈಗಾದಲ್ಲಿ ಕ್ಷಣಕ್ಷಣವೂ ನಡೆಯುತ್ತಿದೆ.

ಕಾಣದ ಈ ಕಣಗಳ ನಡುವಿನ ಬಲವನ್ನು ತಿಳಿಯುವುದು ಹೇಗೆ? ಒಂದನ್ನು ಇನ್ನೊಂದರ ಮೇಲೆಸೆದು ಅದು ಯಾವ ದಿಕ್ಕಿಗೆ ಎಷ್ಟು ಚದರಿತೆಂದು ಅಳೆಯಬೇಕು. ಕತ್ತಲಲ್ಲಿ ಹಾಳುಬಾವಿಗೆ ಕಲ್ಲೆಸೆದು ಸಪ್ಪಳದಿಂದ ಆಳವನ್ನು ತಿಳಿಯುವಂತೆ. ಹೀಗೆ ಕಂಡುಕೊಂಡ ಬಲವೇ ಅವು ಕೂಡಿಕೊಂಡಿರುವುದನ್ನೂ ವಿವರಿಸಬೇಕು. ಡ್ಯೂಟರಾನನ್ನು ಬಿಡಿಸಲು ಬೇಕಾದ ಶಕ್ತಿ 2.22 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಎರಡರ ಲೆಕ್ಕ ಇಲ್ಲಿಗೆ ಸರಿಹೋಗುತ್ತದೆ.

ಮೂರನೆಯದು ಬಂದೊಡನೆ ತೊಡಕು ಆರಂಭ. ಎರಡು ನ್ಯೂಟ್ರಾನುಗಳು ತಾವೇ ಕೂಡಿ ನಿಲ್ಲಲಾರವು. ಅವುಗಳ ಜೊತೆಗೆ ಒಂದು ಪ್ರೋಟಾನ್ ಸೇರಿದರೆ ಮೂರೂ ಗಟ್ಟಿಯಾಗಿ ನಿಲ್ಲುತ್ತವೆ. ನಮ್ಮ ಒಲೆಗಳಲ್ಲಿ ಎರಡು ಕಲ್ಲಿನ ಮೇಲೆ ನಿಲ್ಲದ ಗಡಿಗೆ ಮೂರು ಕಲ್ಲಿನ ಮೇಲೆ ನಿಲ್ಲುವುದಿಲ್ಲವೇ? ಅಲ್ಲಿ ಪ್ರೋಟಾನ್-ನ್ಯೂಟ್ರಾನ್ ಜೋಡಿಗಳು ಎರಡು; ಕೂಡಿಸಿದರೆ 4.44 ಆಗಬೇಕು. ಆದರೆ ಅಳತೆಯಲ್ಲಿ ದೊರೆಯುವುದು 8.48. ಬರಿಯ ಕೂಡಿಕೆಯಿಂದ ಇದು ಬಗೆಹರಿಯದು. ಮೂರು ಕಣಗಳಿಗೆ ಸರಿಯಾದ ಸಮೀಕರಣಗಳನ್ನು 1960ರಲ್ಲಿ ರಷ್ಯದ ಫದ್ದೇವ್ ರಚಿಸಿದರು. 1962ರಲ್ಲಿ ನಮ್ಮ ದೇಶದವರೇ ಆದ ಎ. ಎನ್. ಮಿತ್ರ ಅವರು ಬಲವನ್ನು ಸರಳ ರೂಪದಲ್ಲಿಟ್ಟು ಮೂರರ ಸಮಸ್ಯೆಯನ್ನು ಬಿಡಿಸುವ ಹಾದಿ ತೋರಿಸಿದರು.

ಮುಂದೆ ಗಣಕಯಂತ್ರಗಳು ಬಂದವು, ಲೆಕ್ಕ ನಿಖರವಾಯಿತು. ಆಗ ಒಂದು ಸಂಗತಿ ಹೊರಬಿದ್ದಿತು. ಎರಡು ಕಣಗಳ ಚದರುವಿಕೆಗೆ ಚೆನ್ನಾಗಿ ಹೊಂದುವ ಬಲಗಳನ್ನೇ ಹಾಕಿದರೂ ಉತ್ತರ ಸುಮಾರು 7.6ರಿಂದ 8.0ರೊಳಗೆ ನಿಲ್ಲುತ್ತದೆ, 8.48ನ್ನು ಮುಟ್ಟುವುದಿಲ್ಲ. ಮೂರೂ ಒಟ್ಟಿಗಿರುವಾಗ ಮಾತ್ರ ಹುಟ್ಟುವ ಒಂದು ಬಲವೂ ಇರಬೇಕೆಂದು ಇದರಿಂದ ತಿಳಿಯುತ್ತದೆ. ಅಂಥ ಬಲದ ರೂಪವನ್ನು ಜಪಾನಿನ ಫುಜಿತಾ ಮತ್ತು ಮಿಯಾಜಾವಾ 1957ರಲ್ಲಿಯೇ ಸೂಚಿಸಿದ್ದರು.

ಇದರಲ್ಲಿ ಕಲಾ ವಿದ್ಯಾರ್ಥಿಗೆ ಪಾಠವಿಲ್ಲವೆಂದು ಯಾರು ಹೇಳಿಯಾರು? ಗಂಡ-ಹೆಂಡತಿ, ಅತ್ತೆ-ಸೊಸೆ, ತಾಯಿ-ಮಗ ಎಂದು ಜೋಡಿಜೋಡಿಯಾಗಿ ಬಲ್ಲವನಿಗೆ ಇಡೀ ಮನೆಯ ನಡೆ ತಿಳಿಯಿತೆನ್ನಲಾಗದು. ಸಮಾಜಶಾಸ್ತ್ರದವರು ಇದನ್ನು ಮಾತಿನಲ್ಲಿ ಹೇಳುತ್ತಾರೆ. ಭೌತಶಾಸ್ತ್ರ ಅಂಕಿಯಲ್ಲಿ ತೋರಿಸುತ್ತದೆ. ಇನ್ನೊಂದು ಪಾಠ ಇದಕ್ಕಿಂತ ದೊಡ್ಡದು. ಅರ್ಧ ಮಿಲಿಯನ್ ಎಲೆಕ್ಟ್ರಾನ್ ವೋಲ್ಟಿನ ಕೊರತೆಯನ್ನು ಆ ಪಂಡಿತರು ಮುಚ್ಚಿಡಲಿಲ್ಲ. ಅದನ್ನೇ ಹಿಡಿದು ಹೊಸ ಸತ್ಯವನ್ನು ಅರಸಿದರು. ತಾಳೆಯಾಗದ ಅಂಕಿಯನ್ನು ಒರೆಸಿಹಾಕುವ ಚಾಳಿ ಸಾರ್ವಜನಿಕ ಜೀವನದಲ್ಲಿ ಎಷ್ಟಿದೆಯೆಂಬುದನ್ನು ಓದುಗರೇ ಬಲ್ಲರು.

ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಕಾಲೇಜಿಗೆ ಹೋಗುವವನಿಗೆ ಎಲ್ಲವೂ ಗೊತ್ತಿರುತ್ತದೆಂದು ಹಿರಿಯರು ನಂಬಿದ್ದಾರೆ. “ಕೈಗಾದಾಗ ಏನ ಸುಡತಾರೋ ತಮ್ಮಾ? ಅದರ ನೀರಿನಿಂದ ಏನರ ತ್ರಾಸ ಐತೇನು?” ಎಂದು ಕೇಳುತ್ತಾರೆ. “ಅದು ನನ್ನ ವಿಷಯವಲ್ಲ” ಎಂದರೆ ಅವರಿಗೆ ಅರ್ಥವೇ ಆಗದು, ಆಗಬೇಕಾಗಿಯೂ ಇಲ್ಲ. 2009ರ ನವೆಂಬರಿನಲ್ಲಿ ಕೈಗಾದ ಕುಡಿಯುವ ನೀರಿನ ಯಂತ್ರವೊಂದಕ್ಕೆ ಟ್ರಿಟಿಯಂ ಸೇರಿ 50ಕ್ಕೂ ಹೆಚ್ಚು ನೌಕರರ ದೇಹಕ್ಕೆ ಹೋಯಿತು. 2017ರಲ್ಲಿ ಕೇಂದ್ರ ಸಂಪುಟವು ಒಪ್ಪಿಗೆಯಿತ್ತ 10 ಹೊಸ ಘಟಕಗಳಲ್ಲಿ ಕೈಗಾದವು ಎರಡು, ತಲಾ 700 ಮೆಗಾವ್ಯಾಟಿನವು. ಇವು ಬೇಕೋ ಬೇಡವೋ ಎಂದು ಹೇಳುವ ಹಕ್ಕು ಮತದಾರರಾದ ನಮಗಿದೆ. ಆದರೆ ಟ್ರಿಟಿಯಂ ಎಂದರೇನೆಂದು ತಿಳಿಯದವನ ಹೊಗಳಿಕೆಗೂ ಹೆದರಿಕೆಗೂ ಬೆಲೆಯೇನು?

ಗಣಿತ ಬಾರದವರಿಗೆ ಇದೆಲ್ಲ ಸಾಧ್ಯವೇ ಎಂದು ಕೆಲವರು ಆಕ್ಷೇಪಿಸಬಹುದು. ಫದ್ದೇವರ ಸಮೀಕರಣವನ್ನು ನಾನು ಬಿಡಿಸಲಾರೆ, ನಿಜ. ಪಂಪನ ಊರೆಂದು ಅಣ್ಣಿಗೇರಿಯವರು ಹೆಮ್ಮೆಪಡುತ್ತಾರೆ. ಅವರೆಲ್ಲ ಚಂಪೂಕಾವ್ಯ ಬರೆಯಬಲ್ಲರೇ? ಲೆಕ್ಕ ಮಾಡುವುದು ಬೇರೆ, ಲೆಕ್ಕ ಏನನ್ನು ಕೇಳುತ್ತಿದೆಯೆಂದು ತಿಳಿಯುವುದು ಬೇರೆ. ಎರಡನೆಯದಕ್ಕೆ ಬೇಕಾದುದು ಕನ್ನಡದಲ್ಲಿ ತಿಳಿಯಹೇಳುವ ಗುರುಗಳು ಮತ್ತು ಕೇಳುವ ಮನಸ್ಸು.

ಆದುದರಿಂದ ನನ್ನ ಬಿನ್ನಹವಿಷ್ಟೆ. ಪ್ರತಿ ಸೆಮಿಸ್ಟರಿನಲ್ಲಿ ಒಂದು ದಿನವಾದರೂ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿಜ್ಞಾನದ ಅಧ್ಯಾಪಕರೊಬ್ಬರನ್ನು ನಮ್ಮ ಕಾಲೇಜಿಗೆ ಕರೆಯಿಸಿ, ಕಲಾ ವಿದ್ಯಾರ್ಥಿಗಳಿಗಾಗಿಯೇ ಕನ್ನಡದಲ್ಲಿ ಉಪನ್ಯಾಸವನ್ನು ಏರ್ಪಡಿಸಬೇಕು. ಅರ್ಧ ವೇಳೆ ಅವರು ಹೇಳಲಿ, ಉಳಿದರ್ಧ ನಾವು ಪ್ರಶ್ನೆ ಕೇಳೋಣ. ಇದಕ್ಕೆ ಪ್ರಯೋಗಶಾಲೆ ಬೇಡ. ಒಂದು ಕರಿಹಲಗೆ, ಒಂದು ಸುಣ್ಣದ ಕಡ್ಡಿ ಸಾಕು. ಊರಿನವರು ಕೇಳಿದ ಪ್ರಶ್ನೆಗೆ ಉತ್ತರ ಹೇಳಬಲ್ಲ ಪದವೀಧರರು ಇಲ್ಲಿಂದ ಹೊರಬೀಳಲಿ.