ಮಗುವಿನ ಕೈಗೆ ಕೋವಿ: ಹೊಣೆ ಹೊರುವವರು ಯಾರು?

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ ಪದಕಗಳು ಒಟ್ಟು 6. ಅವುಗಳಲ್ಲಿ 3 ಶೂಟಿಂಗ್ ಒಂದರಿಂದಲೇ ಬಂದವು. 22ರ ಹರೆಯದ ಮನು ಭಾಕರ್ ಒಂದೇ ಕೂಟದಲ್ಲಿ ಎರಡು ಕಂಚು ಗೆದ್ದದ್ದನ್ನು ನಮ್ಮ ಮಕ್ಕಳೂ ಟಿ.ವಿ.ಯಲ್ಲಿ ಕಂಡಿದ್ದಾರೆ. ಅದಕ್ಕೂ ಮೊದಲು, 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಸೌರಭ್ ಚೌಧರಿ ಚಿನ್ನ ಗೆದ್ದಾಗ ಆತನಿಗೆ 16 ವರ್ಷ. ಹೀಗಿರುವಾಗ ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು "ನಮಗೂ ಶೂಟಿಂಗ್ ಕಲಿಸಿ" ಎಂದು ಮನೆಯಲ್ಲಿ ಹಟ ಹಿಡಿದರೆ ಆಶ್ಚರ್ಯವೇನಿಲ್ಲ.

ಈ ಆಸೆಗೆ ನಮ್ಮ ವಿರೋಧವಿಲ್ಲ. ಶೂಟಿಂಗ್ ಏಕಾಗ್ರತೆಯನ್ನೂ ತಾಳ್ಮೆಯನ್ನೂ ಕಲಿಸುವ ಕ್ರೀಡೆ. ಆದರೆ ಮಗುವೊಂದು ಕೋವಿ ಹಿಡಿದು ನಿಂತಾಗ, ಆ ಕೋವಿಯಿಂದ ಹೊರಡುವ ಗುಂಡಿಗೆ ಹೊಣೆ ಯಾರು? ಕೋವಿ ಕೊಟ್ಟವರೇ? ಪಕ್ಕದಲ್ಲಿ ನಿಂತವರೇ? ಜಾಗದ ಮಾಲೀಕರೇ? ಅಥವಾ "ಆಯಿತು, ಹೊಡಿ" ಎಂದ ಹೆತ್ತವರೇ? ಈ ಪ್ರಶ್ನೆಗೆ ಮೊದಲೇ ಉತ್ತರ ಕಂಡುಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ನಡೆದ ಎರಡು ದುರಂತಗಳು ಸಾಕ್ಷಿಯಾಗಿವೆ. ಎರಡೂ ಕಳ್ಳತನದಲ್ಲಿ ನಡೆದ ಘಟನೆಗಳಲ್ಲ. ಹಾಡಹಗಲೇ, ದೊಡ್ಡವರ ಕಣ್ಣೆದುರಿನಲ್ಲೇ ನಡೆದವು.

ಎರಡು ದುರಂತಗಳು

ಮೊದಲನೆಯದು 2008ರ ಅಕ್ಟೋಬರ್ 26ರಂದು, ಮೆಸಾಚುಸೆಟ್ಸ್ ರಾಜ್ಯದ ವೆಸ್ಟ್‌ಫೀಲ್ಡ್ ಎಂಬಲ್ಲಿ. ಅಲ್ಲಿನ ಒಂದು ಕ್ಲಬ್ಬಿನ ಮೈದಾನದಲ್ಲಿ ಮಶಿನ್ ಗನ್ ಮೇಳ ಏರ್ಪಾಡಾಗಿತ್ತು. ಲೈಸನ್ಸ್ ಬೇಕಿಲ್ಲ, ಅರ್ಹ ತರಬೇತುದಾರರು ಜೊತೆಗಿರುತ್ತಾರೆ ಎಂದು ಜಾಹೀರಾತು ಹೇಳಿತ್ತು. ತಂದೆಯೊಂದಿಗೆ ಬಂದಿದ್ದ 8 ವರ್ಷದ ಬಾಲಕನ ಕೈಗೆ ಮೈಕ್ರೊ ಊಜಿ ಎಂಬ ಪುಟ್ಟ ಮಶಿನ್ ಗನ್ ಕೊಡಲಾಯಿತು. ಆತ ಟ್ರಿಗರ್ ಒತ್ತಿದ. ಕೋವಿ ಕೈಯಲ್ಲಿ ನಿಲ್ಲದೆ ಮೇಲಕ್ಕೆದ್ದು ಹಿಂದಕ್ಕೆ ತಿರುಗಿತು. ಗುಂಡು ಆತನ ತಲೆಗೇ ಹೊಕ್ಕಿತು. ಕೆಲವು ಅಡಿ ದೂರದಲ್ಲಿ ತಂದೆ ಕ್ಯಾಮರಾ ಹಿಡಿದು ನಿಂತಿದ್ದರು. ವೃತ್ತಿಯಲ್ಲಿ ಅವರು ತುರ್ತು ಚಿಕಿತ್ಸಾ ವಿಭಾಗದ ವೈದ್ಯರು. ಆದರೂ ಮಗನನ್ನು ಉಳಿಸಿಕೊಳ್ಳಲಾಗಲಿಲ್ಲ. ಬಾಲಕನಿಗೆ ಆ ಹೊತ್ತಿನಲ್ಲಿ ಮಾರ್ಗದರ್ಶನಕ್ಕೆ ನಿಂತಿದ್ದವನು 15 ವರ್ಷದ ಹುಡುಗ.

ಎರಡನೆಯದು 2014ರ ಆಗಸ್ಟ್ 25ರಂದು, ಅರಿಜೋನಾ ರಾಜ್ಯದ ವೈಟ್ ಹಿಲ್ಸ್ ಎಂಬ ಮರುಭೂಮಿಯ ಊರಿನಲ್ಲಿ. ಜೂಜಿಗೆ ಹೆಸರಾದ ಲಾಸ್ ವೇಗಸ್‌ನಿಂದ ಸುಮಾರು ಒಂದು ಗಂಟೆಯ ದಾರಿ. ಅಲ್ಲಿ ಪ್ರವಾಸಿಗಳಿಗೆ ಹಣ ಪಡೆದು ಮಶಿನ್ ಗನ್ ಹೊಡೆಯಲು ಕೊಡುವ ರೇಂಜ್ ಇತ್ತು. 8 ವರ್ಷ ತುಂಬಿದ ಮಕ್ಕಳಿಗೂ ಅವಕಾಶವಿತ್ತು. ರಜೆಯಲ್ಲಿ ಹೆತ್ತವರೊಂದಿಗೆ ಬಂದ 9 ವರ್ಷದ ಬಾಲಕಿ ಊಜಿಯಿಂದ ಮೊದಲು ಒಂದೇ ಒಂದು ಗುಂಡು ಹೊಡೆದಳು. ಅದು ಸರಿಯಾಗಿಯೇ ಹೋಯಿತು. ಆಗ ತರಬೇತುದಾರ ಕೋವಿಯನ್ನು ಒಂದೇ ಸಮನೆ ಗುಂಡು ಹಾರುವ ಸ್ಥಿತಿಗೆ ತಿರುಗಿಸಿದರು. ಮರುಕ್ಷಣದಲ್ಲಿ ಕೋವಿ ಆಕೆಯ ಹಿಡಿತ ತಪ್ಪಿತು. ಪಕ್ಕದಲ್ಲಿ ನಿಂತಿದ್ದ 39 ವರ್ಷದ ತರಬೇತುದಾರರ ತಲೆಗೆ ಗುಂಡು ತಗುಲಿ ಅವರು ತೀರಿಕೊಂಡರು. ಬಾಲಕಿ ಹೆಗಲು ಹಿಡಿದುಕೊಂಡು ಹೆತ್ತವರತ್ತ ಓಡಿದಳು. ಕೋವಿ ತನಗೆ ಹೆಚ್ಚಾಯಿತು, ಹೆಗಲು ನೋಯುತ್ತಿದೆ ಎಂದಳು. ಹಿಂದೆ ಒಬ್ಬರು ನೆಲಕ್ಕುರುಳಿದ್ದಾರೆಂದು ಆ ಮನೆಯವರಿಗೆ ತಿಳಿದದ್ದು ಆಮೇಲೆ.

ಕೋವಿ ಕೈ ಮೀರುವುದೇಕೆ?

ಇದನ್ನು ವಿಧಿಯಾಟ ಎಂದು ಬಿಟ್ಟುಬಿಡುವ ಮುನ್ನ ಕೋವಿ ಕೆಲಸ ಮಾಡುವ ರೀತಿಯನ್ನು ಸ್ವಲ್ಪ ತಿಳಿಯಬೇಕು. ಗುಂಡು ಮುಂದಕ್ಕೆ ಹೋಗುವಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಈ ಒದೆತ ನಳಿಗೆಯ ನೇರದಲ್ಲಿ ಬರುತ್ತದೆ. ಹಿಡಿದ ಕೈ ಇರುವುದು ಅದಕ್ಕಿಂತ ಕೆಳಗೆ. ಆದುದರಿಂದ ಪ್ರತಿ ಗುಂಡಿಗೂ ಕೋವಿಯ ಬಾಯಿ ಮೇಲಕ್ಕೇಳುತ್ತದೆ. ಒಂದೊಂದೇ ಗುಂಡು ಹಾರುವ ಕೋವಿಯಲ್ಲಿ ಅದನ್ನು ಮತ್ತೆ ಕೆಳಗಿಳಿಸಲು ಸಮಯ ಸಿಗುತ್ತದೆ. ಮಶಿನ್ ಗನ್ನಿನಲ್ಲಿ ಆ ಸಮಯವೇ ಇಲ್ಲ. ಸಾಮಾನ್ಯ ಊಜಿ ನಿಮಿಷಕ್ಕೆ ಸುಮಾರು 600 ಗುಂಡುಗಳ ವೇಗದಲ್ಲಿ ಹಾರಿಸುತ್ತದೆ, ಎಂದರೆ ಸೆಕೆಂಡಿಗೆ 10. ಮೈಕ್ರೊ ಊಜಿಯದು ಸಾವಿರಕ್ಕೂ ಹೆಚ್ಚು. ಗಾಬರಿಯಾದವರು ಬೆರಳು ತೆಗೆಯಬೇಕೆಂದು ಯೋಚಿಸುವ ಕಾಲು ಸೆಕೆಂಡಿನಲ್ಲೇ ನಾಲ್ಕು ಗುಂಡುಗಳು ಹೊರಟಿರುತ್ತವೆ, ಪ್ರತಿಯೊಂದೂ ಹಿಂದಿನದಕ್ಕಿಂತ ಮೇಲಕ್ಕೆ. ಹೆದರಿದ ಮಗುವಿನ ಬೆರಳು ಸಡಿಲವಾಗುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ.

ಇಲ್ಲಿ ಇನ್ನೊಂದು ವಿಷಯವಿದೆ. ವೆಸ್ಟ್‌ಫೀಲ್ಡ್‌ನಲ್ಲಿ ತಂದೆ ಆ ಕೋವಿಯನ್ನು ಒಪ್ಪಿದ್ದು ಅದು ಚಿಕ್ಕದಾಗಿದೆ, ಆದುದರಿಂದ ಮಗನಿಗೆ ಸುರಕ್ಷಿತ ಎಂದು ಭಾವಿಸಿ. ನಮ್ಮಲ್ಲಿ ಯಾರಾದರೂ ಹಾಗೆಯೇ ಯೋಚಿಸಿಯೇವು. ಚಿಕ್ಕ ಮಗುವಿಗೆ ಚಿಕ್ಕ ಸೈಕಲ್, ಚಿಕ್ಕ ಬ್ಯಾಟ್. ಆದರೆ ಕೋವಿಯ ಲೆಕ್ಕ ಬೇರೆ. ತೂಕ ಕಡಿಮೆಯಾದಷ್ಟೂ ಒದೆತವನ್ನು ತಡೆಯುವ ಶಕ್ತಿ ಕಡಿಮೆ. ನಳಿಗೆ ಗಿಡ್ಡವಾದಷ್ಟೂ ಅದರ ಬಾಯಿ ಹೊಡೆಯುವವರ ಕಡೆಗೇ ಬೇಗ ತಿರುಗುತ್ತದೆ. ಇದು ತಂದೆಗೆ ತಿಳಿಯದಿರಬಹುದು. ಆದರೆ ಮಶಿನ್ ಗನ್ ಮೇಳವನ್ನೇ ನಡೆಸುವವರಿಗೆ ತಿಳಿದಿರಲೇಬೇಕಿತ್ತು. ಮಗುವಿಗೆ ಮಶಿನ್ ಗನ್ ಕೊಡದಿರುವುದೇ ಸರಿ. ಹಾಗಿದ್ದರೂ ಕೊಡುತ್ತೇವೆ ಎನ್ನುವವರು ಒಂದೇ ಗುಂಡು ತುಂಬಿಸಿ ಕೊಡಬಹುದಿತ್ತು. ಕೋವಿಯನ್ನು ಗಟ್ಟಿ ಆಧಾರಕ್ಕೆ ಬಿಗಿದು ಕೊಡಬಹುದಿತ್ತು. ಇಷ್ಟು ಮಾಡಿದ್ದರೂ ಆ ಜೀವಗಳು ಉಳಿಯುತ್ತಿದ್ದವು.

ಹಂಚಿ ಹೋದ ಹೊಣೆ

ವೆಸ್ಟ್‌ಫೀಲ್ಡ್ ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಮೇಳದ ಸಂಘಟಕರಾಗಿದ್ದವರು ಪೆಲ್ಹಾಮ್ ಎಂಬ ಊರಿನ ಅಂದಿನ ಪೊಲೀಸ್ ಮುಖ್ಯಸ್ಥರು! ಅವರ ಮೇಲೆ ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದ ಆರೋಪ, ಅಪ್ರಾಪ್ತರ ಕೈಗೆ ಮಶಿನ್ ಗನ್ ನೀಡಿದ ಆರೋಪ ಎರಡೂ ಇದ್ದವು. 2011ರ ಜನವರಿಯಲ್ಲಿ ಜ್ಯೂರಿ ಅವರನ್ನು ಎಲ್ಲ ಆರೋಪಗಳಿಂದ ಮುಕ್ತಗೊಳಿಸಿತು. ವಿಚಾರಣೆಯಲ್ಲಿ ಅವರ ಪರ ವಕೀಲರು ಕೋವಿಯನ್ನು ಆರಿಸಿದ ತಂದೆಯ ಕಡೆಗೇ ಬೊಟ್ಟು ಮಾಡಿದರು. ಅರಿಜೋನಾದಲ್ಲಂತೂ ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ಆಗಲಿಲ್ಲ.

ನ್ಯಾಯಾಲಯದ ತೀರ್ಪನ್ನು ಪ್ರಶ್ನಿಸುವುದು ನಮ್ಮ ಉದ್ದೇಶವಲ್ಲ. ನಾವು ಗಮನಿಸಬೇಕಾದದ್ದು ಬೇರೆಯೇ ಇದೆ. ತಂದೆ ತಜ್ಞರನ್ನು ನಂಬಿದರು. ಪೊಲೀಸ್ ಮುಖ್ಯಸ್ಥರೇ ನಡೆಸುವ ಮೇಳವೆಂದು ಜನ ನಂಬಿದರು. ಸಂಘಟಕರು ಕೋವಿ ತಂದವರನ್ನು ನಂಬಿದರು. ಕೋವಿ ತಂದವರು ಸಾಲಿನಲ್ಲಿ ನಿಂತ ಹುಡುಗನನ್ನು ನಂಬಿದರು. ಆ ಹುಡುಗ ತಂದೆಯ ಒಪ್ಪಿಗೆಯನ್ನು ನಂಬಿದ. ಹೀಗೆ ಸುತ್ತಿ ಬಂದ ನಂಬಿಕೆಯ ಸರಪಣಿಯಲ್ಲಿ "ಬೇಡ, ಈ ಕೋವಿ ಈ ಮಗುವಿಗಲ್ಲ" ಎಂದು ಹೇಳುವ ಕೆಲಸ ಯಾರದೂ ಆಗಿರಲಿಲ್ಲ. ಹತ್ತು ಜನರಿಗೆ ಹಂಚಿದ ಹೊಣೆ ಯಾರ ಹೆಗಲಿನ ಮೇಲೂ ಕೂರುವುದಿಲ್ಲ. ಹೆತ್ತವರ ಸಹಿ ಗುಂಡಿನ ದಾರಿಯನ್ನು ಬದಲಿಸುವುದೂ ಇಲ್ಲ.

ಕಾನೂನಿಗೂ ಒಂದು ಮಿತಿಯಿದೆ. ಅಮೆರಿಕದ ಒಕ್ಕೂಟ ಕಾನೂನು 18 ವರ್ಷದೊಳಗಿನವರು ಪಿಸ್ತೂಲು ಇಟ್ಟುಕೊಳ್ಳುವುದನ್ನು ತಡೆಯುತ್ತದೆ. ಆದರೆ ಹೆತ್ತವರ ಲಿಖಿತ ಒಪ್ಪಿಗೆಯಿದ್ದರೆ ಗುರಿ ಅಭ್ಯಾಸಕ್ಕೆ ವಿನಾಯಿತಿ ನೀಡುತ್ತದೆ. 1986ರ ನಂತರ ತಯಾರಾದ ಮಶಿನ್ ಗನ್ನುಗಳನ್ನು ಸಾಮಾನ್ಯ ನಾಗರಿಕರು ಹೊಂದುವಂತಿಲ್ಲ. ಅದಕ್ಕೂ ಹಿಂದೆ ನೋಂದಾಯಿತವಾದವು ಮಾತ್ರ ಇಂದಿಗೂ ಕೈಯಿಂದ ಕೈಗೆ ಹೋಗುತ್ತಿವೆ. ಕಾನೂನು ಕಾಗದ ನೋಡುತ್ತದೆ, ವಯಸ್ಸು ನೋಡುತ್ತದೆ. ಎದುರಿಗಿರುವ ಮಗುವಿನ ಮಣಿಕಟ್ಟಿನ ಬಲವನ್ನು ನೋಡಬೇಕಾದವರು ಅಲ್ಲಿ ನಿಂತಿರುವ ಮನುಷ್ಯರೇ.

ನಮ್ಮಲ್ಲಿ ಹೇಗೆ?

ಇದೆಲ್ಲ ಅಮೆರಿಕದ ಹುಚ್ಚು, ನಮಗೇಕೆ ಎಂದು ಕೇಳುವವರಿದ್ದಾರೆ. ನಮ್ಮ ಕಾನೂನು ಬಿಗಿಯಾಗಿದೆ ಎಂಬುದು ನಿಜ. 1959ರ ಶಸ್ತ್ರಾಸ್ತ್ರ ಕಾಯ್ದೆಯ 9ನೇ ಕಲಂ ಪ್ರಕಾರ 21 ವರ್ಷ ತುಂಬದವರು ಕೋವಿ ಹೊಂದುವಂತಿಲ್ಲ. ಮೊದಲು 16 ಇದ್ದ ಈ ಮಿತಿಯನ್ನು 1983ರ ತಿದ್ದುಪಡಿ 21ಕ್ಕೆ ಏರಿಸಿತು. ನಿಗದಿತ ವಯಸ್ಸು ತುಂಬಿದವರು ನಿಗದಿತ ಷರತ್ತಿನೊಳಗೆ ತರಬೇತಿಗಾಗಿ ಮಾತ್ರ ಬಳಸಬಹುದು. ಮಶಿನ್ ಗನ್ ಸಾಮಾನ್ಯರಿಗೆ ನಿಷಿದ್ಧ.

ಆದರೂ ಸಮಾಧಾನ ಪಟ್ಟುಕೊಂಡು ಕೂರುವಂತಿಲ್ಲ. 2013ರಲ್ಲಿ ಪುಣೆಯಲ್ಲಿ ಎನ್‌ಸಿಸಿ ಗುರಿ ಅಭ್ಯಾಸದ ವೇಳೆ ಶಾಲಾ ವಿದ್ಯಾರ್ಥಿಯೊಬ್ಬನ ತಲೆಗೆ ಗುಂಡು ತಗುಲಿತು. ಆ ಹುಡುಗ ದೀರ್ಘ ಕಾಲ ಪ್ರಜ್ಞೆಯಿಲ್ಲದೆ ಮಲಗಿ ಕೊನೆಗೆ ತೀರಿಕೊಂಡ. ಎನ್‌ಸಿಸಿಯ ಪದ್ಧತಿ ಒಳ್ಳೆಯದೇ. ಕೆಡೆಟ್‌ಗಳು ನೆಲಕ್ಕೆ ಮಲಗಿ .22 ರೈಫಲಿನಿಂದ ಒಂದೊಂದೇ ಗುಂಡು ಹೊಡೆಯುತ್ತಾರೆ. ಆಜ್ಞೆ ಕೊಡುವವರು ಒಬ್ಬರೇ. ಕೊಟ್ಟ ತೋಟಾಗಳನ್ನು ಎಣಿಸಿ, ಖಾಲಿಯಾದವನ್ನೂ ಎಣಿಸಿ ಹಿಂದಕ್ಕೆ ಪಡೆಯುತ್ತಾರೆ. ಇಂತಹ ಶಿಸ್ತಿನ ನಡುವೆಯೂ ಒಂದು ಕ್ಷಣದ ಎಚ್ಚರ ತಪ್ಪಿದರೆ ಜೀವ ಹೋಗುತ್ತದೆ ಎಂದ ಮೇಲೆ, ಶಿಸ್ತೇ ಇಲ್ಲದ ಕಡೆ ಹೇಗಿರಬಹುದು?

ನಮ್ಮ ಕರಾವಳಿಯ ಜಾತ್ರೆ, ಸಾಂತ್‌ಮಾರಿಗಳಲ್ಲಿ ಬಲೂನ್ ಹೊಡೆಯುವ ಸ್ಟಾಲ್‌ಗಳನ್ನು ನೋಡಿ. ಹೆಚ್ಚಿನ ಮಕ್ಕಳು ಮೊದಲ ಬಾರಿಗೆ ಟ್ರಿಗರ್ ಒತ್ತುವುದು ಅಲ್ಲಿಯೇ. ಅದು ಏರ್‌ಗನ್, ಜೀವಕ್ಕೆ ಅಪಾಯ ಕಡಿಮೆ ಎನ್ನಬಹುದು. ಆದರೆ ಅದರ ಪೆಲೆಟ್ ಕಣ್ಣಿಗೆ ಬಡಿದರೆ ದೃಷ್ಟಿ ಹೋಗುತ್ತದೆ. ಪೆಲೆಟ್ ತುಂಬಿದ ಕೋವಿ ಹಿಡಿದುಕೊಂಡೇ "ಪಪ್ಪಾ, ನೋಡಿ" ಎಂದು ಮಗು ಹಿಂದಕ್ಕೆ ತಿರುಗಿದರೆ ನಾವು ನಗುತ್ತಾ ಫೋಟೋ ತೆಗೆಯುತ್ತೇವೆ. ಅಲ್ಲಿ ಗದರಿಸಿ ತಿದ್ದುವವರು ಯಾರು? ಇನ್ನು ತೋಟದ ಮನೆಗಳಲ್ಲಿ ಕಾಡುಹಂದಿ, ಮಂಗಗಳ ಕಾಟಕ್ಕೆಂದು ಲೈಸನ್ಸ್ ಪಡೆದ ಕೋವಿಗಳಿವೆ. ಚುನಾವಣೆ ಬಂದಾಗ ಅವನ್ನು ಠಾಣೆಯಲ್ಲಿ ಠೇವಣಿ ಇಡಲು ಗೊಣಗುವ ನಾವು, ಉಳಿದ ದಿನಗಳಲ್ಲಿ ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ ಬೀಗ ಹಾಕಿ ಇಟ್ಟಿದ್ದೇವೆಯೇ? ಮಗು ಕೋವಿಯ ಬಗ್ಗೆ ಮೊದಲ ಪಾಠ ಕಲಿಯುವುದು ರೇಂಜಿನಲ್ಲಿ ಅಲ್ಲ, ಮನೆಯಲ್ಲಿ.

ಹೆತ್ತವರು ಕೇಳಬೇಕಾದದ್ದು

ಮಗುವನ್ನು ಶೂಟಿಂಗ್ ತರಬೇತಿಗೆ ಸೇರಿಸುವ ಮೊದಲು ಹೆತ್ತವರು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು.

ಮೊದಲನೆಯದಾಗಿ, ಗುಂಡು ಹೊಡೆಯುವ ಸಾಲಿಗೆ ಒಬ್ಬನೇ ಅಧಿಕಾರಿ ಇದ್ದಾರೆಯೇ? ಅವರು "ನಿಲ್ಲಿಸಿ" ಎಂದರೆ ಎಲ್ಲರೂ ತಕ್ಷಣ ನಿಲ್ಲಿಸುತ್ತಾರೆಯೇ? ಅವರ ಹೆಸರು ನಮಗೆ ತಿಳಿದಿರಬೇಕು.

ಎರಡನೆಯದಾಗಿ, ಕಲಿಕೆ ಎಲ್ಲಿಂದ ಆರಂಭ? ಒಳ್ಳೆಯ ತರಬೇತಿ 10 ಮೀಟರ್ ಏರ್ ರೈಫಲ್ ಅಥವಾ ಏರ್ ಪಿಸ್ತೂಲಿನಿಂದ ಶುರುವಾಗುತ್ತದೆ. ಖಾಲಿ ಕೋವಿ ಹಿಡಿದು ನಿಲ್ಲುವುದನ್ನು, ಉಸಿರು ಹಿಡಿಯುವುದನ್ನು ಮೊದಲು ಕಲಿಸುತ್ತಾರೆ. ಬಂದ ದಿನವೇ ದೊಡ್ಡ ಕೋವಿ ಕೊಟ್ಟು ಖುಷಿಪಡಿಸುವ ಜಾಗದಿಂದ ಮಗುವನ್ನು ಕರೆದುಕೊಂಡು ಹೊರಬರುವುದು ಲೇಸು.

ಮೂರನೆಯದಾಗಿ, ಮೂಲ ನಿಯಮಗಳು ಮಗುವಿಗೆ ಬಾಯಿಪಾಠವಾಗಿವೆಯೇ? ಪ್ರತಿಯೊಂದು ಕೋವಿಯಲ್ಲೂ ಗುಂಡಿದೆ ಎಂದೇ ತಿಳಿಯಬೇಕು. ಹೊಡೆಯಬಾರದ ಯಾವುದರ ಕಡೆಗೂ ಕೋವಿಯ ಬಾಯಿ ತಿರುಗಬಾರದು. ಗುರಿ ಹಿಡಿಯುವ ತನಕ ಬೆರಳು ಟ್ರಿಗರಿನ ಹೊರಗಿರಬೇಕು. ಗುರಿಯ ಹಿಂದೆ ಏನಿದೆ ಎಂದು ತಿಳಿದಿರಬೇಕು. ಸ್ಪರ್ಧೆಗಳಲ್ಲಿ ಹೊಡೆಯದಿರುವಾಗ ನಳಿಗೆಯೊಳಗೆ ಬಣ್ಣದ ಸುರಕ್ಷತಾ ಎಳೆ ತೂರಿಸಿಡುವುದು ಕಡ್ಡಾಯ. ಕೋವಿ ಖಾಲಿ ಎಂದು ದೂರದಿಂದಲೇ ಕಾಣಲಿ ಎಂಬುದು ಅದರ ಉದ್ದೇಶ.

ನಾಲ್ಕನೆಯದಾಗಿ, ಕಣ್ಣು ಕಿವಿಗೆ ರಕ್ಷಣೆ ಇದೆಯೇ? ಪೆಲೆಟ್ ಮತ್ತು ಗುಂಡುಗಳಲ್ಲಿ ಸೀಸವಿದೆ. ಸೀಸದ ಧೂಳು ಬೆಳೆಯುವ ಮಕ್ಕಳ ಮೆದುಳಿಗೆ ಹಾನಿಕರ. ರೇಂಜಿನಲ್ಲಿ ತಿಂಡಿ ತಿನ್ನಬಾರದು. ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ಏನನ್ನೂ ಬಾಯಿಗೆ ಹಾಕಬಾರದು.

ಅಮೆರಿಕಕ್ಕೆ ಪ್ರವಾಸ ಹೋಗುವ, ಅಲ್ಲಿಯೇ ನೆಲೆಸಿರುವ ನಮ್ಮ ಊರಿನ ಕುಟುಂಬಗಳು ಅನೇಕ. ಲಾಸ್ ವೇಗಸ್ ಸುತ್ತಮುತ್ತ ಮಶಿನ್ ಗನ್ ಹೊಡೆಯುವುದನ್ನು ಒಂದು ಮೋಜಿನಂತೆ ಮಾರುತ್ತಾರೆ. ಮಕ್ಕಳು ಆಸೆಪಟ್ಟರೂ "ಬೇಡ" ಎನ್ನುವ ಧೈರ್ಯ ನಮಗಿರಲಿ.

ಕೊನೆಯದಾಗಿ ಒಂದು ಮಾತು. ಅರಿಜೋನಾದಲ್ಲಿ ಮಡಿದ ತರಬೇತುದಾರರ ಮಕ್ಕಳು ಕೆಲವೇ ವಾರಗಳಲ್ಲಿ ಆ ಬಾಲಕಿಗೆ ಒಂದು ವಿಡಿಯೋ ಸಂದೇಶ ಕಳುಹಿಸಿದರು. ನಿನ್ನ ಮೇಲೆ ನಮಗೆ ಕೋಪವಿಲ್ಲ ಎಂದು ತಿಳಿಸಿದರು. ತಂದೆಯನ್ನು ಕಳೆದುಕೊಂಡ ಮಕ್ಕಳ ಬಾಯಿಂದ ಬಂದ ಈ ಮಾತು ದೊಡ್ಡದು. ಜೊತೆಗೆ ಸತ್ಯವಾದದ್ದು ಕೂಡ. 9 ವರ್ಷದ ಮಗು ತಪ್ಪು ಮಾಡಲಿಲ್ಲ. ತನ್ನ ಕೈಗೆ ಕೊಟ್ಟದ್ದನ್ನು ಹಿಡಿಯಿತು, ಒತ್ತು ಎಂದಾಗ ಒತ್ತಿತು. ಆದರೂ ಆ ಕ್ಷಣವನ್ನು ಬದುಕಿಡೀ ಹೊತ್ತುಕೊಂಡು ನಡೆಯಬೇಕಾದದ್ದು ಆ ಮಗುವೇ.

ದೊಡ್ಡವರು ಹೊರಬೇಕಾದ ಹೊಣೆಯನ್ನು ಹೊರದೇ ಹೋದರೆ ಅದು ಕೊನೆಗೆ ಬಂದು ಬೀಳುವುದು ಮಕ್ಕಳ ಹೆಗಲಿಗೆ. ಶೂಟಿಂಗ್ ಕಲಿಯಲಿ, ಪದಕಗಳೂ ಬರಲಿ. ಆದರೆ ನಮ್ಮ ಮಗು ಕೋವಿ ಎತ್ತುವ ಮೊದಲು, "ಇಲ್ಲಿ ಏನೇ ಆದರೂ ಹೊಣೆ ನನ್ನದು" ಎಂದು ಎದೆಮುಟ್ಟಿ ಹೇಳುವ ಒಬ್ಬ ವ್ಯಕ್ತಿ ಅಲ್ಲಿರಬೇಕು. ಅಂಥವರು ಇಲ್ಲದ ಕಡೆ ಮಗುವಿನ ಕೈಗೆ ಕೋವಿ ಬೇಡ.