ಮಣ್ಣಿನ ಸಾಕ್ಷ್ಯ

ಹೋಟೆಲಿನ ಗಲ್ಲಾದಲ್ಲಿ ಹಣ ಕಡಿಮೆ ಬಂದಿತೆಂದರೆ ಮೊದಲು ಯಾರ ಟ್ರಂಕನ್ನು ತೆರೆಸಲಾಗುತ್ತದೆ ಎಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ. ಪರಸ್ಥಳದ ಮಾಣಿಗೆ ಭಾಷೆ ಬಾರದು, ಜಾಮೀನು ನಿಲ್ಲುವವರಿಲ್ಲ. ಆದುದರಿಂದ ಅಪರಾಧಗಳ ಪತ್ತೆಗೆ ಭೂಗರ್ಭಶಾಸ್ತ್ರವು ನೀಡಿರುವ ನೆರವು ಕೇವಲ ವಿದ್ವಾಂಸರ ಕುತೂಹಲದ ವಿಷಯವೆಂದು ನಾವು ತಿಳಿಯುವುದಿಲ್ಲ.

1856ರಲ್ಲಿ ಬೆಳಕಿಗೆ ಬಂದ ಪ್ರಷ್ಯದ ಪ್ರಕರಣವೊಂದುಂಟು. ರೈಲಿನಲ್ಲಿ ಕಳುಹಿಸಿದ ಬೆಳ್ಳಿ ನಾಣ್ಯಗಳ ಪೀಪಾಯಿಯನ್ನು ತೆರೆದಾಗ ಅದರಲ್ಲಿದ್ದುದು ಮರಳು. ಬರ್ಲಿನ್ನಿನ ಪ್ರಾಧ್ಯಾಪಕ ಎಹ್ರೆನ್‌ಬರ್ಗರು ದಾರಿಯ ನಿಲ್ದಾಣಗಳ ಮರಳನ್ನು ತರಿಸಿ, ಸೂಕ್ಷ್ಮದರ್ಶಕದಿಂದ ಹೋಲಿಸಿ ನೋಡಿ, ಅದು ಇಂತಹ ನಿಲ್ದಾಣದ್ದೇ ಎಂದು ತೋರಿಸಿದರು. ಕಳ್ಳನೂ ಅಲ್ಲಿಯೇ ಸಿಕ್ಕಿದನು. ಉಳಿದ ನಿಲ್ದಾಣಗಳ ಬಡ ನೌಕರರು ಅಂದು ನಿಟ್ಟುಸಿರು ಬಿಟ್ಟಿರಬೇಕು!

ಇದಕ್ಕಿಂತಲೂ ಸೋಜಿಗದ ಕೆಲಸವನ್ನು 1908ರಲ್ಲಿ ಜರ್ಮನಿಯ ರಸಾಯನತಜ್ಞ ಗಿಯೋರ್ಗ್ ಪಾಪ್ ಮಾಡಿದರು. ಬವೇರಿಯಾಕ್ಕೆ ಸೇರಿದ ಪ್ರದೇಶದಲ್ಲಿ ಒಬ್ಬ ಹೆಂಗಸಿನ ಕೊಲೆಯಾಗಿತ್ತು. ಸಂಶಯಿತನ ಬೂಟುಗಳನ್ನು ಹಿಂದಿನ ರಾತ್ರಿಯಷ್ಟೇ ಅವನ ಹೆಂಡತಿ ಶುಚಿಗೊಳಿಸಿದ್ದಳು. ಹಾಗಾಗಿ ಅಟ್ಟೆಗಂಟಿದ ಮಣ್ಣೆಲ್ಲ ಆ ಒಂದೇ ದಿನದ್ದು. ಪಾಪ್ ಅದನ್ನು ಪದರ ಪದರವಾಗಿ ಬಿಡಿಸಿದರು: ತೊಗಲಿಗೆ ತಾಗಿದ್ದು ಅವನ ಮನೆಯಂಗಳದ ಹೆಬ್ಬಾತಿನ ಹಿಕ್ಕೆ, ಅದರ ಮೇಲೆ ಹೆಣ ಬಿದ್ದಿದ್ದೆಡೆಯ ಕೆಂಪು ಮರಳುಗಲ್ಲಿನ ಮಣ್ಣು, ಹೊರಗಡೆ, ಕೋವಿ ದೊರೆತ ಹಾಳು ಕೋಟೆಯ ಇಟ್ಟಿಗೆ ಪುಡಿ, ಕಲ್ಲಿದ್ದಲು, ಸಿಮೆಂಟು. ಅಂದು ತಾನು ತನ್ನ ಹೊಲಗಳಲ್ಲಿ ನಡೆದಾಡಿದ್ದೆನೆಂದು ಅವನು ಹೇಳಿದ್ದನು. ಆ ಹೊಲಗಳ ಕಲ್ಲಿನ ಚೂರುಗಳ ಸುಳಿವೇ ಬೂಟಿನಲ್ಲಿರಲಿಲ್ಲ.

ಮಣ್ಣು ಎಲ್ಲವನ್ನೂ ಹೇಳಲಾರದೆಂಬುದೂ ನಿಜ. ಕಾಲು ಎಲ್ಲಿ ಊರಿತ್ತೆಂದು ಅದು ಸೂಚಿಸೀತು. ಕೈ ಏನು ಮಾಡಿತೆಂದು ಹೇಳದು. ಸುತ್ತಮುತ್ತಲಿನ ಮಣ್ಣನ್ನೂ ಪರೀಕ್ಷಿಸದೆ ಎರಡು ಚಿಟಿಕೆಗಳನ್ನು ಮಾತ್ರ ಹೋಲಿಸಿ ತೀರ್ಪು ಕೊಡುವ ತಜ್ಞನು ನಿರಪರಾಧಿಗೆ ಅಪಾಯಕಾರಿಯೇ ಸರಿ.

ಪೋಲೀಸರೆದುರಿನ ತಪ್ಪೊಪ್ಪಿಗೆಯನ್ನು ಆರೋಪಿಯ ಮೇಲೆ ರುಜುವಾತು ಮಾಡಕೂಡದೆಂದು ನಮ್ಮ ಕಾನೂನು 1872ರಿಂದಲೂ ವಿಧಿಸಿದೆ. ಆದರೂ ಅದನ್ನು ಹೊಡೆದು ಹೊರಡಿಸುವ ಚಾಳಿ ಅಳಿದಿಲ್ಲ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಹೆಚ್ಚಿನ ಸಜೆಯ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕೆನ್ನುತ್ತದೆ. ಐದು ವರ್ಷದೊಳಗೆ ಅದನ್ನು ಆಚರಣೆಗೆ ತರುವ ದಿನವನ್ನು ಗೊತ್ತುಪಡಿಸುವುದು ರಾಜ್ಯ ಸರಕಾರಗಳಿಗೆ ಬಿಟ್ಟದ್ದು. ಒಡೆಯನ ಸ್ವತ್ತನ್ನು ಗುಮಾಸ್ತನೋ ಆಳೋ ಕದ್ದರೆ ಸಜೆ ಏಳು ವರ್ಷಗಳವರೆಗೂ ಹೋಗಬಹುದು. ಸಜೆಯ ಮಟ್ಟಿಗೆ ಅವನ ಅಪರಾಧವು ಅಷ್ಟು ಘೋರವೆಂದಾದರೆ, ತನಿಖೆಯ ಮಟ್ಟಿಗೂ ಅವನಿಗೆ ಆ ತಜ್ಞರ ಭಾಗ್ಯ ದೊರೆಯಬೇಕೆಂದು ಕೇಳುವುದು ಅಧಿಕಪ್ರಸಂಗವೆನಿಸದು. ಟ್ರಂಕಿನ ಬೀಗ ಮುರಿಯುವ ಮೊದಲು, ಕಿಟಕಿಯ ಕೆಳಗಿನ ಹೆಜ್ಜೆಯ ಮಣ್ಣನ್ನು ಯಾರೂ ಗುಡಿಸಿಹಾಕದಂತೆ ಕಾದಿರಿಸಲಿ.